ಲ್ಯಾಬಿನ ಕಂಪ್ಯೂಟರಿನಲ್ಲೇ ಬೂಟ್ ಆಗದ ಪಾಠ: ಕಂಪ್ಯೂಟರ್ ಸೈನ್ಸ್ ವಿಭಾಗಗಳಿಗೊಂದು ಬಹಿರಂಗ ಪತ್ರ

ಗೆ,
ಕಂಪ್ಯೂಟರ್ ಸೈನ್ಸ್ ವಿಭಾಗದ ಮುಖ್ಯಸ್ಥರು ಮತ್ತು ಪ್ರಾಜೆಕ್ಟ್ ಗೈಡ್‌ಗಳು,
ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳು.

ವಿಷಯ: ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂಗೆ ಯುಇಎಫ್‌ಐ ಬೂಟ್ (ಕಂಪ್ಯೂಟರ್ ಆನ್ ಮಾಡಿದಾಗ ಆಪರೇಟಿಂಗ್ ಸಿಸ್ಟಂ ಅನ್ನು ಏಳಿಸುವ ಈಗಿನ ಪದ್ಧತಿ) ಸೇರಿಸುವ ಕೆಲಸವನ್ನು ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಒಪ್ಪಿಕೊಳ್ಳುವ ಬಗ್ಗೆ.

ಮಾನ್ಯರೇ,

ನಾನು ಚಿಂತಾಮಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಮದರ್‌ಬೋರ್ಡ್ ಫರ್ಮ್‌ವೇರ್ (ಬೋರ್ಡಿನ ಚಿಪ್‌ನಲ್ಲೇ ಇದ್ದು, ಆನ್ ಮಾಡಿದ ಕೂಡಲೇ ಓಡುವ ಪ್ರೋಗ್ರಾಂ) ಟೆಸ್ಟ್ ಮಾಡುವ ಕೆಲಸದಲ್ಲಿದ್ದೆ. ಕೀಬೋರ್ಡ್ ಕೆಟ್ಟರೆ, ಎಸ್‌ಎಸ್‌ಡಿ ಹಾಕಿಸಬೇಕಾದರೆ, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಬೇಕಾದರೆ ನಿಮ್ಮ ವಿದ್ಯಾರ್ಥಿಗಳು ನನ್ನ ಅಂಗಡಿಗೆ ಬರುತ್ತಾರೆ. ಅವರ ಜೊತೆ ಮಾತಾಡುತ್ತಾ ನೋಡಿದ್ದು, ಕೇಳಿದ್ದು ಈ ಪತ್ರದಲ್ಲಿದೆ. ಒಬ್ಬೊಬ್ಬ ಗೈಡ್ ಹತ್ತಿರ ಹೋಗಿ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ, ಎಲ್ಲರ ಮುಂದೆ ಹೇಳುವುದು ಒಳ್ಳೆಯದು ಅನ್ನಿಸಿತು.

ಕಳೆದ ವರ್ಷ ಕೊನೆಯ ವರ್ಷದ ಇಬ್ಬರು ಹುಡುಗಿಯರು ಹೊಸ ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್ ತಗೊಂಡು ಬಂದರು. ಪೆನ್‌ಡ್ರೈವ್‌ನಲ್ಲಿ ಎಕ್ಸ್‌ವಿ6 ಇತ್ತು. ನಿಮಗೆಲ್ಲ ಗೊತ್ತಿರುವುದೇ: ಅಮೆರಿಕದ ಎಂಐಟಿ 2006ರಲ್ಲಿ ಪಾಠಕ್ಕೆಂದೇ ಬರೆದ ಪುಟ್ಟ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ, 1975ರ ಯುನಿಕ್ಸ್ 6ನೇ ಆವೃತ್ತಿಯನ್ನು ಈಗಿನ ಸಿ ಭಾಷೆಯಲ್ಲಿ ಮತ್ತೆ ಬರೆದದ್ದು. ಕ್ಯೂಇಎಂಯು (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆದುಕೊಳ್ಳುವ ಪ್ರೋಗ್ರಾಂ) ಒಳಗೆ ಅವರಿಗೆ ಅದು ಚೆನ್ನಾಗಿ ಓಡಿತ್ತು. ನಿಜವಾದ ಮೆಷಿನ್ ಮೇಲೆ ಓಡಿಸಿ ನೋಡಬೇಕು ಅನ್ನುವುದು ಅವರ ಆಸೆ. ಎಫ್12 ಒತ್ತಿದರೆ ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಹೆಸರೇ ಬರುತ್ತಿರಲಿಲ್ಲ. "ಅಣ್ಣಾ, ಪೆನ್‌ಡ್ರೈವ್ ಹೋಗಿದ್ಯಾ ನೋಡಿ" ಅಂದರು.

ಪೆನ್‌ಡ್ರೈವ್ ಚೆನ್ನಾಗಿಯೇ ಇತ್ತು. ಆ ಲ್ಯಾಪ್‌ಟಾಪಿನ ಸೆಟಪ್‌ನಲ್ಲಿ 'ಲೆಗಸಿ' ಅನ್ನುವ, ಅಂದರೆ ಹಳೆಯ ಪದ್ಧತಿಯಲ್ಲಿ ಬೂಟ್ ಮಾಡುವ ಆಯ್ಕೆಯೇ ಇರಲಿಲ್ಲ. ಎಕ್ಸ್‌ವಿ6 ಬೂಟ್ ಆಗುವುದು ಬಯೋಸ್ ಅನ್ನುವ ಹಳೆಯ ಫರ್ಮ್‌ವೇರ್ ಪದ್ಧತಿಯಲ್ಲಿ. ಲ್ಯಾಪ್‌ಟಾಪಿಗೆ ಗೊತ್ತಿರುವುದು ಯುಇಎಫ್‌ಐ ಮಾತ್ರ. ಇಷ್ಟು ಹೇಳಿದ ಮೇಲೆ ಇಬ್ಬರಲ್ಲಿ ಒಬ್ಬಳು ತಕ್ಷಣ ಕೇಳಿದಳು: "ಹಾಗಾದ್ರೆ ಇದಕ್ಕೆ ಯುಇಎಫ್‌ಐ ಸೇರಿಸೋದನ್ನೇ ಪ್ರಾಜೆಕ್ಟ್ ಮಾಡ್ಬಹುದಲ್ವಾ?" ನನಗೆ ತುಂಬಾ ಸಂತೋಷವಾಯಿತು. ಖಂಡಿತ ಮಾಡಬಹುದು, ನನ್ನಿಂದ ಆಗುವ ಸಹಾಯ ಮಾಡುತ್ತೇನೆ ಅಂದೆ.

ಕೆಲವು ದಿನ ಬಿಟ್ಟು ಅವರು ಮತ್ತೆ ಬಂದಾಗ ವಿಷಯ ಬದಲಾಗಿತ್ತು. "ಇದರಲ್ಲಿ ಔಟ್‌ಪುಟ್ ಏನು ತೋರಿಸ್ತೀರಿ? ಸ್ಕ್ರೀನ್ ಮೇಲೆ ನಾಲ್ಕು ಅಕ್ಷರ ಬಂದರೆ ಅದು ಪ್ರಾಜೆಕ್ಟಾ? ಮೆಷಿನ್ ಲರ್ನಿಂಗ್ ತಗೊಳ್ಳಿ" ಅಂತ ಗೈಡ್ ಹೇಳಿದ್ದರಂತೆ. ಅವರು ಟೊಮೆಟೊ ಎಲೆ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡಿ ಮುಗಿಸಿದರು. ಚಿತ್ರಗಳು ಇಂಟರ್ನೆಟ್‌ನಿಂದ ಇಳಿಸಿಕೊಂಡವು, ಕೋಡ್ ಕೂಡ ಹೆಚ್ಚು ಕಡಿಮೆ ಹಾಗೆಯೇ. ಆ ಕಾಲೇಜು ಯಾವುದು ಅಂತ ನಾನು ಹೇಳುವುದಿಲ್ಲ. ಬೇರೆ ಕಾಲೇಜುಗಳ ಹುಡುಗರ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ, ಆದ್ದರಿಂದ ಒಂದು ಹೆಸರು ಹೇಳುವುದು ನ್ಯಾಯವೂ ಅಲ್ಲ.

ಟೊಮೆಟೊ ರೋಗ ಸಣ್ಣ ವಿಷಯ ಅಂತ ನನ್ನ ಅಭಿಪ್ರಾಯವಲ್ಲ. ಕೋಲಾರದ ಎಪಿಎಂಸಿಯಲ್ಲಿ ಸಾಲು ಸಾಲು ಕ್ರೇಟ್ ನೋಡಿದವರು ಯಾರೂ ಹಾಗೆ ಹೇಳಲಾರರು. ಆದರೆ ಅದನ್ನು ಮಾಡುವವರು ಮುಳಬಾಗಿಲು, ಶ್ರೀನಿವಾಸಪುರದ ತೋಟಗಳಿಗೆ ಹೋಗಿ, ರೈತರನ್ನು ಕೇಳಿ, ನಮ್ಮ ಎಲೆಗಳ ಫೋಟೊ ತೆಗೆದು ಮಾಡಬೇಕು. ಗಿಡದ ಹತ್ತಿರಕ್ಕೇ ಹೋಗದೆ ರೋಗ ಹುಡುಕುವ ಪ್ರಾಜೆಕ್ಟ್‌ಗೆ ಒಳ್ಳೆ ಮಾರ್ಕ್ಸ್ ಸಿಗುತ್ತದೆ. ಮೆಷಿನ್ ಮುಂದೆ ಕೂತು ಅದರ ಒಳಗನ್ನು ತಿಳಿಯುತ್ತೇವೆ ಅಂದವರಿಗೆ ವಿಷಯ ಬದಲಿಸಿ ಅಂತ ಹೇಳಲಾಗುತ್ತದೆ. ನನ್ನ ದೂರು ಇದೇ.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಆನ್ ಮಾಡಿದರೆ ಏನಾಗುತ್ತದೆ ಅಂತ ಅಂಗಡಿಗೆ ಬರುವ ಹುಡುಗರನ್ನು ಕೇಳುತ್ತಿರುತ್ತೇನೆ. ಬಯೋಸ್ ಡಿಸ್ಕಿನ ಮೊದಲ ಸೆಕ್ಟರ್ ಓದುತ್ತದೆ, ಅದು 512 ಬೈಟ್, ಕೊನೆಯ ಎರಡು ಬೈಟ್ 55 ಮತ್ತು ಎಎ ಇದ್ದರೆ ಅದನ್ನು ಓಡಿಸುತ್ತದೆ ಅಂತ ಪಟಪಟ ಹೇಳುತ್ತಾರೆ. 1981ರ ಐಬಿಎಂ ಪಿಸಿಯ ಕಾಲದಿಂದ ಬಂದ ಪದ್ಧತಿ ಅದು. ತಪ್ಪೇನಿಲ್ಲ. ಆದರೆ ಅವರ ಕೈಯಲ್ಲಿರುವ ಲ್ಯಾಪ್‌ಟಾಪ್ ಹಾಗೆ ಬೂಟ್ ಆಗುವುದಿಲ್ಲ, ನಿಮ್ಮ ಲ್ಯಾಬಿಗೆ ಈಚೆಗೆ ಬಂದ ಮೆಷಿನ್‌ಗಳೂ ಆಗುವುದಿಲ್ಲ. ಇಂಟೆಲ್ ತನ್ನ ಇಟಾನಿಯಂ ಸರ್ವರ್‌ಗಳಿಗಾಗಿ 1990ರ ದಶಕದಲ್ಲಿ ಶುರು ಮಾಡಿದ ಕೆಲಸ 2005ರಲ್ಲಿ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. ಹಳೆಯ ಬಯೋಸ್ ಬೆಂಬಲವನ್ನು 2020ರ ಹೊತ್ತಿಗೆ ತೆಗೆದುಬಿಡುತ್ತೇವೆ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು. ಇಷ್ಟು ವರ್ಷವಾದರೂ ನಮ್ಮ ಹುಡುಗರು ಅದೇ 512 ಬೈಟ್ ಬಾಯಿಪಾಠ ಮಾಡುತ್ತಿದ್ದಾರೆ.

ಇನ್ನು ಆ ಹುಡುಗಿಯರು ಮಾಡಬೇಕೆಂದಿದ್ದ ಕೆಲಸ "ನಾಲ್ಕು ಅಕ್ಷರ" ಹೌದೋ ಅಲ್ಲವೋ ನೋಡೋಣ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ದಯವಿಟ್ಟು ಓದಿ.

ಎಕ್ಸ್‌ವಿ6ನ ಈಗಿನ ಬೂಟ್ ಭಾಗ ತುಂಬಾ ಚಿಕ್ಕದು. ಒಂದು ಅಸೆಂಬ್ಲಿ ಫೈಲ್, ಒಂದು ಸಿ ಫೈಲ್. ಎರಡೂ ಸೇರಿ 510 ಬೈಟ್ ದಾಟಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಪ್ರೊಸೆಸರ್ 16 ಬಿಟ್‌ನಲ್ಲಿ ಏಳುತ್ತದೆ, ಈ ಕೋಡ್ ಅದನ್ನು 32 ಬಿಟ್‌ಗೆ ಹತ್ತಿಸಿ, ಡಿಸ್ಕಿನಿಂದ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಓದಿ, ಅದರೊಳಗೆ ಜಿಗಿಯುತ್ತದೆ. ಯುಇಎಫ್‌ಐನಲ್ಲಿ ಇದೆಲ್ಲ ತಲೆಕೆಳಗು. ಫರ್ಮ್‌ವೇರ್ ಸೆಕ್ಟರ್ ಹುಡುಕುವುದಿಲ್ಲ. ಫ್ಯಾಟ್ ಫಾರ್ಮ್ಯಾಟಿನ ಒಂದು ಪಾರ್ಟಿಷನ್‌ನಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಅನ್ನುವ ಫೈಲ್ ಹುಡುಕುತ್ತದೆ. ಆ ಫೈಲ್ ವಿಂಡೋಸ್ ಪ್ರೋಗ್ರಾಂಗಳ ಪಿಇ ರೂಪದಲ್ಲಿ ಇರಬೇಕು. ಅದು ಓಡಲು ಶುರುವಾಗುವ ಹೊತ್ತಿಗೆ ಪ್ರೊಸೆಸರ್ ಆಗಲೇ 64 ಬಿಟ್‌ನಲ್ಲಿರುತ್ತದೆ, ಪೇಜಿಂಗ್ (ಮೆಮೊರಿ ವಿಳಾಸಗಳನ್ನು ಪೇಜ್ ಟೇಬಲ್ ನೋಡಿ ಹೊಂದಿಸುವ ವ್ಯವಸ್ಥೆ) ಕೂಡ ಆನ್ ಆಗಿರುತ್ತದೆ. ಎಕ್ಸ್‌ವಿ6 ಇರುವುದು 32 ಬಿಟ್‌ನಲ್ಲಿ. ಅಂದರೆ ವಿದ್ಯಾರ್ಥಿಗಳು ಮೊದಲ ದಿನವೇ ಒಂದು ತೀರ್ಮಾನಕ್ಕೆ ಬರಬೇಕು: ಪ್ರೊಸೆಸರನ್ನು ಕೆಳಗೆ ಇಳಿಸುವುದೋ, ಕರ್ನಲನ್ನು 64 ಬಿಟ್‌ಗೆ ಏರಿಸುವುದೋ? ಇಳಿಸಿದರೆ ಕೆಲಸ ಕಡಿಮೆ, ಆದರೆ ಕೆಲವು ಮೆಷಿನ್‌ಗಳಲ್ಲಿ ಸ್ಕ್ರೀನಿನ ಫ್ರೇಮ್‌ಬಫರ್ (ಚಿತ್ರದ ಪಿಕ್ಸೆಲ್‌ಗಳು ಇರುವ ಮೆಮೊರಿ ಜಾಗ) 4 ಜಿಬಿಗಿಂತ ಮೇಲೆ ಕೂತಿರುತ್ತದೆ, ಅಲ್ಲಿಗೆ ಕೈ ಎಟುಕುವುದಿಲ್ಲ. ಏರಿಸಿದರೆ ಪೇಜ್ ಟೇಬಲ್‌ನಿಂದ ಹಿಡಿದು, ಪ್ರೋಗ್ರಾಂಗಳು ಕರ್ನಲ್‌ನಿಂದ ಕೆಲಸ ಕೇಳುವ ಸಿಸ್ಟಂ ಕಾಲ್‌ವರೆಗೆ ಎಲ್ಲವನ್ನೂ ಮುಟ್ಟಬೇಕು. ಎರಡಕ್ಕೂ ಕಾರಣ ಕೊಟ್ಟು ಒಂದನ್ನು ಆರಿಸಿಕೊಳ್ಳುವುದು ಎಂಜಿನಿಯರ್ ಕೆಲಸ ತಾನೆ?

ಆಮೇಲೆ ಮೆಮೊರಿ. ಎಕ್ಸ್‌ವಿ6 ತನಗೆ 224 ಎಂಬಿ ಮೆಮೊರಿ ಇದೆ ಅಂತ ನಂಬಿಕೊಂಡು ಕೂರುತ್ತದೆ, ಯಾರನ್ನೂ ಕೇಳುವುದಿಲ್ಲ. ಯುಇಎಫ್‌ಐ ಮೆಷಿನ್‌ನಲ್ಲಿ ಹಾಗೆ ನಂಬುವಂತಿಲ್ಲ. ಯಾವ ಜಾಗ ಖಾಲಿ, ಯಾವುದು ಫರ್ಮ್‌ವೇರ್‌ನದು ಅಂತ ಮೆಮೊರಿ ಮ್ಯಾಪ್ ಕೇಳಿ ತಗೊಳ್ಳಬೇಕು. ಮ್ಯಾಪ್ ಜೊತೆಗೆ ಒಂದು ಕೀ ಬರುತ್ತದೆ. ಇನ್ನು ಮೆಷಿನ್ ನನ್ನದು, ನೀನು ಪಕ್ಕಕ್ಕೆ ಸರಿ ಅಂತ ಫರ್ಮ್‌ವೇರ್‌ಗೆ ಹೇಳುವ ಎಕ್ಸಿಟ್ ಬೂಟ್ ಸರ್ವಿಸಸ್ ಕರೆಗೆ ಅದೇ ಕೀ ಕೊಡಬೇಕು. ನಡುವೆ ಮೆಮೊರಿಯಲ್ಲಿ ಏನಾದರೂ ಬದಲಾದರೆ ಕೀ ಹಳೆಯದಾಯಿತು. ಹಳೇ ಪಹಣಿ ತಗೊಂಡು ಹೋದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲವಲ್ಲ, ಹಾಗೆ. ಮತ್ತೆ ಹೊಸ ಮ್ಯಾಪ್ ತಂದು ಕೊಡಬೇಕು. ಆ ಕರೆ ಒಮ್ಮೆ ಒಪ್ಪಿಗೆಯಾಯಿತು ಅಂದರೆ ಫರ್ಮ್‌ವೇರ್‌ನ ಪ್ರಿಂಟ್ ಸೌಲಭ್ಯವೂ ಹೋಯಿತು. ಅಲ್ಲಿಂದ ಮುಂದೆ ಏನಾದರೂ ತಪ್ಪಿದರೆ ಕಪ್ಪು ಸ್ಕ್ರೀನ್ ಅಷ್ಟೇ. ಸೀರಿಯಲ್ ಪೋರ್ಟಿಗೆ ಒಂದೊಂದೇ ಅಕ್ಷರ ಕಳಿಸಿ, ಇಲ್ಲವೇ ಸ್ಕ್ರೀನಿನ ಮೂಲೆಯಲ್ಲಿ ಒಂದು ಬಣ್ಣದ ಚೌಕ ಬಿಡಿಸಿ, ಇಲ್ಲಿಯವರೆಗೆ ಬಂದಿದೆ ಅಂತ ತಿಳಿಯಬೇಕು.

ಆ ನಾಲ್ಕು ಅಕ್ಷರದ ವಿಷಯಕ್ಕೇ ಬರೋಣ. ಹಳೆಯ ಪದ್ಧತಿಯಲ್ಲಿ ಒಂದು ಗೊತ್ತಾದ ಜಾಗಕ್ಕೆ ಅಕ್ಷರದ ಕೋಡ್ ಬರೆದರೆ ಸಾಕು, ವಿಜಿಎ ಅನ್ನುವ ಹಳೆಯ ಡಿಸ್‌ಪ್ಲೇ ಹಾರ್ಡ್‌ವೇರ್ ಅದನ್ನು ಸ್ಕ್ರೀನ್ ಮೇಲೆ ತೋರಿಸುತ್ತದೆ. ಯುಇಎಫ್‌ಐ ಗ್ರಾಫಿಕ್ಸ್‌ನಲ್ಲಿ ಆ ಜಾಗವೇ ಇಲ್ಲ. ಬರೀ ಪಿಕ್ಸೆಲ್‌ಗಳು. ಒಂದು 'ಎ' ತೋರಿಸಬೇಕಾದರೂ ಫಾಂಟ್ ತಾವೇ ಇಟ್ಟುಕೊಂಡು, ಚುಕ್ಕಿ ಚುಕ್ಕಿ ಬಿಡಿಸಿ, ಸಾಲು ತುಂಬಿದಾಗ ಮೇಲಕ್ಕೆ ಸರಿಸುವುದನ್ನೂ ತಾವೇ ಬರೆಯಬೇಕು. ಪ್ರೊಸೆಸರ್ ಕೋರ್ ಎಷ್ಟಿವೆ ಅಂತ ಎಕ್ಸ್‌ವಿ6 ಹಳೆಯ ಬಯೋಸ್ ಜಾಗಗಳಲ್ಲಿ ಒಂದು ಟೇಬಲ್ ಹುಡುಕುತ್ತದೆ. ಸಿಗದಿದ್ದರೆ ಪ್ಯಾನಿಕ್ ಆಗಿ ನಿಲ್ಲುತ್ತದೆ. ಅದನ್ನು ಬಿಟ್ಟು ಯುಇಎಫ್‌ಐ ಕೊಡುವ ಎಸಿಪಿಐ ಟೇಬಲ್ (ಮೆಷಿನ್‌ನಲ್ಲಿ ಏನೇನಿದೆ ಅನ್ನುವ ಪಟ್ಟಿ) ಓದಲು ಕಲಿಸಬೇಕು. ಡಿಸ್ಕ್ ಡ್ರೈವರ್ ಹಳೆಯ ಐಡಿಇ ಡಿಸ್ಕ್‌ಗಳ ಕಾಲದ್ದು, ಈಗಿನ ಲ್ಯಾಪ್‌ಟಾಪಿನ ಎನ್‌ವಿಎಂಇ ಎಸ್‌ಎಸ್‌ಡಿ ಅದಕ್ಕೆ ಕಾಣುವುದೇ ಇಲ್ಲ. ಸದ್ಯಕ್ಕೆ ಫೈಲ್ ಸಿಸ್ಟಂ ಅನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ದಾರಿ ಎಕ್ಸ್‌ವಿ6 ಒಳಗೇ ಇದೆ, ಅಲ್ಲಿಂದ ಶುರು ಮಾಡಬಹುದು.

ಇಷ್ಟೆಲ್ಲ ಆದ ಮೇಲೆ ಸ್ಕ್ರೀನ್ ಮೇಲೆ, ಕಮಾಂಡ್ ಕೊಡಿ ಅಂತ ಕಾಯುವ ಒಂದು ಡಾಲರ್ ಚಿಹ್ನೆ ಬಂದು ನಿಲ್ಲುತ್ತದೆ. ಗೈಡ್ ಕೇಳಿದ ಔಟ್‌ಪುಟ್ ಅದು. ಅದರ ಹಿಂದೆ ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್ ಆರ್ಗನೈಸೇಷನ್, ಕಂಪೈಲರ್ ಮೂರೂ ವಿಷಯಗಳ ಸಿಲಬಸ್ ಇದೆ.

ಇದು ಈಗಾಗಲೇ ಯಾರೋ ಮಾಡಿರುವ ಕೆಲಸ ತಾನೆ ಅಂತ ನೀವು ಕೇಳಬಹುದು. ದೊಡ್ಡ ಸಿಸ್ಟಂಗಳಲ್ಲಿ ಆಗಿದೆ, ನಿಜ. ಲಿನಕ್ಸ್ ಕರ್ನಲ್ ತಾನೇ ಇಎಫ್‌ಐ ಪ್ರೋಗ್ರಾಂ ಆಗಿ ಬೂಟ್ ಆಗುವ ಸೌಲಭ್ಯ 2012ರ 3.3 ಆವೃತ್ತಿಯಲ್ಲಿ ಬಂತು. ಫ್ರೀಬಿಎಸ್‌ಡಿಗೆ 2014ರ 10.1ರಲ್ಲಿ, ಓಪನ್‌ಬಿಎಸ್‌ಡಿಗೆ 2016ರ 5.9ರಲ್ಲಿ ಬಂತು. ಅನುಭವಿಗಳಿಗೇ ಇಷ್ಟು ಕಾಲ ಹಿಡಿಯಿತು. ಚಿಕ್ಕ ಸಿಸ್ಟಂಗಳ ಕಥೆ ಬೇರೆ. ಎಂಐಟಿಯವರು 2019ರಲ್ಲಿ ತಮ್ಮ ಪಾಠವನ್ನು ರಿಸ್ಕ್-ವಿ ಪ್ರೊಸೆಸರ್‌ಗೆ ಬದಲಿಸಿಕೊಂಡರು, ಎಕ್ಸ್‌ವಿ6ನ ಇಂಟೆಲ್ ಆವೃತ್ತಿಯನ್ನು ಈಗ ಅವರು ನೋಡಿಕೊಳ್ಳುವುದಿಲ್ಲ. ಅಲ್ಲಲ್ಲಿ ಕೆಲವರು ತಮ್ಮ ಪ್ರತಿಯಲ್ಲಿ ಯುಇಎಫ್‌ಐ ಸೇರಿಸಿಕೊಂಡಿರಬಹುದು, ಮೂಲ ಹಾಗೆಯೇ ನಿಂತಿದೆ. ಹಳೆಯ ಡಾಸ್‌ನಂತೆಯೇ ಇರುವ, 1994ರಲ್ಲಿ ಶುರುವಾದ ಫ್ರೀಡಾಸ್ ಹೆಜ್ಜೆ ಹೆಜ್ಜೆಗೂ ಬಯೋಸ್ ಕರೆಗಳನ್ನೇ ನಂಬಿದೆ, ಬರೀ ಯುಇಎಫ್‌ಐ ಇರುವ ಮೆಷಿನ್‌ನಲ್ಲಿ ಅದು ಏಳುವುದಿಲ್ಲ. ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸಬೇಕೆಂದು ಕಟ್ಟುತ್ತಿರುವ ರಿಯಾಕ್ಟ್‌ಒಎಸ್‌ನಲ್ಲಿ ಈ ಕೆಲಸ ವರ್ಷಗಳಿಂದ ಸ್ವಲ್ಪ ಸ್ವಲ್ಪ ನಡೆಯುತ್ತಿದೆ. ಇವುಗಳಿಗೆ ಕೈ ಬೇಕು. ಕೋಡ್ ಎಲ್ಲರಿಗೂ ತೆರೆದಿದೆ, ಯಾರ ಅಪ್ಪಣೆಯೂ ಬೇಕಿಲ್ಲ.

ಬೋರ್ಡ್ ಹಾಳಾದರೆ ಯಾರು ಜವಾಬ್ದಾರಿ ಅಂತ ಒಬ್ಬ ಅಧ್ಯಾಪಕರು ನನ್ನನ್ನೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. 2013ರಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಯುಇಎಫ್‌ಐನಲ್ಲಿ ಲಿನಕ್ಸ್ ಬೂಟ್ ಮಾಡಿದ್ದಕ್ಕೆ ಏಳದೇ ಹೋದದ್ದು ಸುದ್ದಿಯಾಗಿತ್ತು. ಅದಕ್ಕೇ ಮೊದಲ ತಿಂಗಳುಗಳ ಕೆಲಸವೆಲ್ಲ ಕ್ಯೂಇಎಂಯು ಒಳಗೇ ನಡೆಯಲಿ. ಅದಕ್ಕೆ ಓವಿಎಂಎಫ್ ಅನ್ನುವ ಓಪನ್ ಸೋರ್ಸ್ ಯುಇಎಫ್‌ಐ ಫರ್ಮ್‌ವೇರ್ ಇದೆ, ಉಚಿತ, ಒಂದು ಪ್ಯಾಕೇಜ್ ಹಾಕಿಕೊಂಡರೆ ಆಯಿತು. ನಿಜವಾದ ಮೆಷಿನ್‌ಗೆ ಬಂದಾಗ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲಿ, ಫರ್ಮ್‌ವೇರ್‌ನ ವೇರಿಯಬಲ್‌ಗಳಿಗೆ (ಅದು ಬೋರ್ಡಿನಲ್ಲಿ ಉಳಿಸಿಕೊಳ್ಳುವ ಸೆಟ್ಟಿಂಗ್‌ಗಳು) ಏನನ್ನೂ ಬರೆಯದಿರಲಿ. ಹಾಗೆ ಮಾಡಿದರೆ ಭಯಪಡಬೇಕಾದ್ದು ಜಾಸ್ತಿ ಏನಿಲ್ಲ.

ಇದರಿಂದ ಊರಿಗೇನು ಉಪಯೋಗ ಅನ್ನುವವರಿಗೂ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲಾಗದ ಮೆಷಿನ್‌ಗಳಿಗೆ ಲಿನಕ್ಸ್ ಹಾಕಿಕೊಡಿ ಅಂತ ಶಾಲೆಯವರು, ಸಣ್ಣ ಅಂಗಡಿಯವರು ಬರುತ್ತಾರೆ. ಒಂದೊಂದು ಮೆಷಿನ್‌ನ ಬೂಟ್ ತಕರಾರು ಒಂದೊಂದು ಥರ. ಸೆಕ್ಯೂರ್ ಬೂಟ್‌ಗಾಗಿ (ಒಪ್ಪಿದ ಡಿಜಿಟಲ್ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಮೈಕ್ರೋಸಾಫ್ಟ್ 2011ರಲ್ಲಿ ಮಾಡಿದ ಸರ್ಟಿಫಿಕೇಟ್‌ಗಳ ಅವಧಿಯೂ 2026ಕ್ಕೆ ತೀರುತ್ತದೆ. ಹೀಗಂದರೆ ಏನು, ನಮ್ಮ ಲ್ಯಾಬಿಗೆ ತೊಂದರೆಯಾ ಅಂತ ಯಾವುದಾದರೂ ಪ್ರೌಢಶಾಲೆಯ ಮೇಷ್ಟ್ರು ಕೇಳಿದರೆ ಉತ್ತರ ಹೇಳುವ ಎಂಜಿನಿಯರ್ ತಾಲ್ಲೂಕಿಗೆ ಒಬ್ಬರಾದರೂ ಬೇಡವೇ? ಬೆಂಗಳೂರಿನ ಫರ್ಮ್‌ವೇರ್ ಟೀಮ್‌ಗಳಲ್ಲಿ ಕೆಲಸ ಗೊತ್ತಿರುವ ಹುಡುಗರು ಸಿಗುವುದಿಲ್ಲ ಅಂತ ನಾವು ಅಲ್ಲಿದ್ದಾಗ ಗೋಳಾಡುತ್ತಿದ್ದೆವು. ಆ ಹುಡುಗರು ಇಲ್ಲೇ ಇದ್ದಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಅಂತ ಮೂರು ಭಾಷೆ ದಾಟಿ ಬಂದ ಮಕ್ಕಳಿಗೆ ಒಂದು ಮೆಮೊರಿ ಮ್ಯಾಪ್ ಕಷ್ಟವಾಗುವುದಿಲ್ಲ.

ಹಾಗಾಗಿ ನನ್ನ ಕೋರಿಕೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ವಿದ್ಯಾರ್ಥಿಗಳು ತಾವಾಗಿ ಇಂಥ ವಿಷಯ ತಂದರೆ ದಯವಿಟ್ಟು ಬೇಡ ಅನ್ನಬೇಡಿ. ಒಪ್ಪಿಕೊಂಡ ಮೇಲೆ ಮಾರ್ಕ್ಸ್ ಕೊಡುವಾಗ ರಿಪೋರ್ಟಿನ ದಪ್ಪ ನೋಡದೆ ಕೋಡ್ ನೋಡಿ. ಗಿಟ್‌ನಲ್ಲಿ ಯಾರು ಯಾವಾಗ ಏನು ಬರೆದರು ಅನ್ನುವುದು ಸಾಲು ಸಾಲಾಗಿ ಸಿಗುತ್ತದೆ. ಪೂರ್ತಿ ಬೂಟ್ ಆಗದಿದ್ದರೂ ಎಲ್ಲಿಗೆ ನಿಂತಿತು, ಯಾಕೆ ನಿಂತಿತು ಅಂತ ವೈವಾದಲ್ಲಿ ಸರಿಯಾಗಿ ಹೇಳುವ ತಂಡಕ್ಕೆ ಒಳ್ಳೆ ಮಾರ್ಕ್ಸ್ ಸಿಗಲಿ. ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದವರಿಗಿಂತ ಅವರು ಹಿಂದೆ ಬಿದ್ದರೆ ಮುಂದಿನ ವರ್ಷ ಯಾರೂ ಈ ಕಡೆ ತಲೆ ಹಾಕುವುದಿಲ್ಲ.

ಲ್ಯಾಬಿನಲ್ಲಿ ಎರಡು ಮೂರು ಮೆಷಿನ್‌ಗಳನ್ನಾದರೂ ಇದಕ್ಕೆ ಬಿಟ್ಟುಕೊಡಿ. ಸೆಟಪ್‌ಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿದಿರುತ್ತೀರಿ, ಹುಡುಗರು ಹಾಳು ಮಾಡುತ್ತಾರೆ ಅಂತ. ಆ ಮೆಷಿನ್‌ಗಳ ಪಾಸ್‌ವರ್ಡ್ ತೆಗೆದು, ಸೆಕ್ಯೂರ್ ಬೂಟ್ ಆಫ್ ಮಾಡಿಕೊಡಿ. ಸಹಿ ಇಲ್ಲದ ಸಣ್ಣ ಸಿಸ್ಟಂಗಳು ಅದು ಆನ್ ಇದ್ದರೆ ಬೂಟ್ ಆಗುವುದಿಲ್ಲ. ಲ್ಯಾಬ್ ನೋಡಿಕೊಳ್ಳುವವರಿಗೂ ಇದನ್ನು ಬರಹದಲ್ಲೇ ಕೊಡಿ, ಇಲ್ಲದಿದ್ದರೆ ಪಾಪ ಅವರು ಹೊಣೆ ಯಾರದ್ದು ಅಂತ ಹಿಂಜರಿಯುತ್ತಾರೆ.

ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಬಯೋಸ್ ಜೊತೆಗೆ ಯುಇಎಫ್‌ಐ ಹೇಳಲು ಒಂದು ಲ್ಯಾಬ್ ತರಗತಿ ಇಡಿ. ಒಂದು ಪುಟ್ಟ ಇಎಫ್‌ಐ ಪ್ರೋಗ್ರಾಂ ಬರೆದು, ಪೆನ್‌ಡ್ರೈವ್‌ಗೆ ಹಾಕಿ, ತಮ್ಮ ಹೆಸರು ತಮ್ಮ ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ ಬರುವಂತೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಕನ್ನಡದಲ್ಲಿ ಹೆಸರು ಬರೆಯಲು ಹೋಗುವವರು ಖಂಡಿತ ಇರುತ್ತಾರೆ. ಫರ್ಮ್‌ವೇರ್‌ನ ಫಾಂಟ್‌ನಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಯಾಕೆ ಬರಲಿಲ್ಲ ಅಂತ ಅವರೇ ಹುಡುಕಲಿ, ಒತ್ತಕ್ಷರ ಕೂರಿಸುವುದು ಹೇಗೆ ಅನ್ನುವುದೇ ಇನ್ನೊಂದು ಪ್ರಾಜೆಕ್ಟ್ ಆಗುತ್ತದೆ.

ಕೊನೆಯ ಕೋರಿಕೆ: ಪ್ರಾಜೆಕ್ಟ್ ಮುಗಿಸಿದ ತಂಡ ತಾವು ಮಾಡಿದ್ದನ್ನು ಕನ್ನಡದಲ್ಲಿ ಹತ್ತು ಪುಟ ಬರೆದಿಡಲಿ, ಮುಂದಿನ ಬ್ಯಾಚ್ ಅಲ್ಲಿಂದ ಮುಂದುವರಿಸಲಿ. ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡಿ ಯಾವ ಆಪರೇಟಿಂಗ್ ಸಿಸ್ಟಂ ಕೆಲಸವೂ ಮುಗಿಯುವುದಿಲ್ಲ.

ಗೈಡ್‌ಗಳಿಗೇ ಇದು ಹೊಸದಾದರೆ ನನ್ನನ್ನು ಕರೆಯಿರಿ. ದುಡ್ಡು ಬೇಡ. ಕೋಲಾರ, ಮಾಲೂರು, ಶಿಡ್ಲಘಟ್ಟ, ಗೌರಿಬಿದನೂರು, ಎಲ್ಲಿ ಕರೆದರೂ ಭಾನುವಾರ ಬರುತ್ತೇನೆ. ನನ್ನ ಅಂಗಡಿಯಲ್ಲಿ ಸೀರಿಯಲ್ ವೈರ್ ಎಳೆದಿಟ್ಟ ಒಂದು ಬೋರ್ಡ್ ಇದೆ, ಬರೀ ಯುಇಎಫ್‌ಐ ಇರುವ ಹೊಸ ಲ್ಯಾಪ್‌ಟಾಪ್ ಇದೆ, ಎರಡೂ ಇರುವ ಹಳೆಯದೊಂದಿದೆ. ವಿದ್ಯಾರ್ಥಿಗಳು ಬಂದು ಟೆಸ್ಟ್ ಮಾಡಿಕೊಳ್ಳಬಹುದು. ಈ ವರ್ಷದ ಪ್ರಾಜೆಕ್ಟ್ ವಿಷಯಗಳ ಪಟ್ಟಿಗೆ ಸಹಿ ಹಾಕುವ ಮೊದಲು ನಿಮ್ಮ ವಿಭಾಗದಲ್ಲಿ ಈ ಪತ್ರದ ಬಗ್ಗೆ ಒಂದು ಸಲ ಮಾತಾಡಿ, ಆಗುತ್ತದೋ ಇಲ್ಲವೋ ತಿಳಿಸಿ. ಆಗುವುದಿಲ್ಲ ಅಂತಾದರೆ ಕಾರಣವನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಚಿಂತಾಮಣಿಯ ಒಬ್ಬ ಕಂಪ್ಯೂಟರ್ ರಿಪೇರಿಯವನು